ಬೋರ್ಡು, ಬೆಂಚು, ಉದ್ರಿ ಪುಸ್ತಕ: ಊರ ಹೋಟೆಲು, ಸರಣಿ ಉಪಾಹಾರಗೃಹ ಮತ್ತು ‘ಸಮುದಾಯ’ದ ಪ್ರಶ್ನೆ

ಕನ್ನಡ ಜಾನಪದ ಅಧ್ಯಯನವು ಆಹಾರವನ್ನು ಕುರಿತು ಕಲೆಹಾಕಿದ ಸಾಮಗ್ರಿ ಕಡಿಮೆಯದಲ್ಲ. ಹಬ್ಬದ ಅಡುಗೆ, ಬಾಣಂತಿಯ ಪಥ್ಯ, ಜಾತ್ರೆಯ ಊಟ, ದೈವಕ್ಕೆ ಎಡೆಯಿಡುವ ಕ್ರಮ, ಬರಗಾಲದ ಗೆಡ್ಡೆಗೆಣಸು ಇವೆಲ್ಲ ನಮ್ಮ ಸಂಕಲನಗಳಲ್ಲಿಯೂ ಪಿಎಚ್.ಡಿ. ಪ್ರಬಂಧಗಳಲ್ಲಿಯೂ ಸಾಕಷ್ಟು ದಾಖಲಾಗಿವೆ. ಆದರೆ ಹಣ ಕೊಟ್ಟು ಉಣ್ಣುವ ಜಾಗಗಳು, ಅಂದರೆ ಹೋಟೆಲು, ಖಾನಾವಳಿ, ಚಹಾದಂಗಡಿಗಳು, ಬಹುಮಟ್ಟಿಗೆ ಈ ಶಿಸ್ತಿನ ಗಡಿಯ ಹೊರಗೇ ಉಳಿದವು. ಜಾನಪದವೆಂದರೆ ಹಳ್ಳಿ, ಹಳ್ಳಿಯೆಂದರೆ ಮನೆ ಮತ್ತು ಹೊಲ ಎಂಬ ತಿಳಿವಳಿಕೆಯಲ್ಲಿ ಬೆಳೆದ ಶಿಸ್ತಿಗೆ ಗಲ್ಲಾಪೆಟ್ಟಿಗೆ ಇರುವೆಡೆ ಜನಪದರು ಕಾಣಿಸಲಿಲ್ಲ. ಕ್ಷೇತ್ರಕಾರ್ಯಕ್ಕೆ ಹೊರಟ ಸಂಶೋಧಕರು ಬಸ್ಸಿಳಿದು ಮೊದಲು ಕಾಲಿಟ್ಟದ್ದು ನಿಲ್ದಾಣದೆದುರಿನ ಹೋಟೆಲಿಗೆ, ವಕ್ತೃಗಳ ಮನೆ ಎಲ್ಲಿ ಎಂದು ವಿಚಾರಿಸಿದ್ದು ಗಲ್ಲಾದಲ್ಲಿ ಕುಳಿತವರನ್ನು. ಆ ಹೋಟೆಲು ಮಾತ್ರ ಟಿಪ್ಪಣಿ ಪುಸ್ತಕಕ್ಕೆ ಬರಲಿಲ್ಲ.

ಈ ತೆರಪನ್ನು ತುಂಬಿದ್ದು ಸ್ಮೃತಿಲೇಖನ. ಆತ್ಮಕಥೆಗಳು, ಅಂಕಣಬರಹಗಳು, ಹೋಟೆಲುಗಳ ಸುವರ್ಣಮಹೋತ್ಸವದ ಸಂಚಿಕೆಗಳು ಕೂಡಿ ಒಂದು ಸಿದ್ಧಸೂತ್ರವನ್ನು ರೂಪಿಸಿವೆ. ಹಳೆಯ ಹೋಟೆಲಿನಲ್ಲಿ ಜನ ಸೇರುತ್ತಿದ್ದರು, ಹರಟುತ್ತಿದ್ದರು, ಮಾಲೀಕರಿಗೆ ಎಲ್ಲರ ಹೆಸರೂ ಗೊತ್ತಿತ್ತು. ಸರಣಿ ಉಪಾಹಾರಗೃಹಗಳು ಬಂದ ಮೇಲೆ ತಿನಿಸು ಉಳಿಯಿತು, ಸಮುದಾಯ ಅಳಿಯಿತು ಎಂಬುದು ಆ ಸೂತ್ರ. ಜಾಗತೀಕರಣವನ್ನು ಕುರಿತ ನಮ್ಮ ಸಾಂಸ್ಕೃತಿಕ ಸಂಕಥನವೂ ಇದನ್ನು ಪರೀಕ್ಷಿಸದೆ ಎತ್ತಿಕೊಂಡಿದೆ. ಈ ಸೂತ್ರ ಪೂರ್ತಿ ಸುಳ್ಳೆಂದು ವಾದಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಅದು ಯಾರ ಅನುಭವದಿಂದ ಹುಟ್ಟಿದೆ, ಯಾರ ಅನುಭವವನ್ನು ಬಿಟ್ಟಿದೆ ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿಯ ಯತ್ನ.

ಮೊದಲ ತೊಡಕು ಪರಿಭಾಷೆಯದು. ಸಮಾಜವಿಜ್ಞಾನದ ಬರಹಗಳಲ್ಲಿ ‘ಸಮುದಾಯ’ ಎಂಬ ಪದ ಪರಸ್ಪರ ಅರಿತು ಕೂಡಿ ಬಾಳುವ ಜನರ ಗುಂಪು ಎಂಬರ್ಥದಲ್ಲಿ ನೆಲೆಗೊಂಡಿದೆ. ಆಡುಮಾತಿನಲ್ಲಿ ಅದೇ ಪದ ಜಾತಿಗೆ ಇಟ್ಟ ಸಭ್ಯ ಹೆಸರು. ‘ತಾವು ಯಾವ ಸಮುದಾಯದವರು’ ಎಂದು ಯಾರಾದರೂ ಕೇಳಿದರೆ ಅವರಿಗೆ ಬೇಕಾದ ಉತ್ತರ ಯಾವುದೆಂದು ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ. ಆದುದರಿಂದ ಊರ ಹೋಟೆಲು ಸಮುದಾಯವನ್ನು ಕಟ್ಟಿತು ಎಂಬ ವಾಕ್ಯ ಕನ್ನಡದಲ್ಲಿ ಎರಡು ಅರ್ಥಗಳಲ್ಲಿ ಏಕಕಾಲಕ್ಕೆ ನಿಜವಾಗುತ್ತದೆ. ಸ್ಮೃತಿಲೇಖನವು ಮೊದಲನೆಯ ಅರ್ಥವನ್ನು ಮುಂದಿಟ್ಟು ಎರಡನೆಯದನ್ನು ನೆರಳಿಗೆ ಸರಿಸುತ್ತದೆ. ಒಂದಾದರೂ ಸಮಾನ ಅಂಶವುಳ್ಳ ಯಾವುದೇ ಗುಂಪನ್ನು ಜನಪದ ಎನ್ನಬಹುದೆಂದು ಅಲನ್ ಡಂಡೆಸ್ ವ್ಯಾಖ್ಯಾನಿಸಿದ ಬಳಿಕ ಒಂದೇ ಹೋಟೆಲಿಗೆ ದಿನವೂ ಬರುವವರನ್ನು ಜನಪದವೆಂದು ಕರೆಯಲು ಅಡ್ಡಿಯಿಲ್ಲ. ಆದರೆ ಅವರ ನಡುವಣ ಸಮಾನ ಅಂಶ ಕಾಫಿಯೋ ಜಾತಿಯೋ ಎಂಬ ಪ್ರಶ್ನೆಯನ್ನು ಡಂಡೆಸ್ ನಮ್ಮ ಪರವಾಗಿ ಉತ್ತರಿಸಲಾರರು.

ಇದೇ ಮಾತು ರೇ ಓಲ್ಡನ್‌ಬರ್ಗ್ ಅವರ ‘ಮೂರನೆಯ ತಾಣ’ದ ಪರಿಕಲ್ಪನೆಗೂ ಅನ್ವಯಿಸುತ್ತದೆ. 1989ರಲ್ಲಿ ಪ್ರಕಟವಾದ ‘ದ ಗ್ರೇಟ್ ಗುಡ್ ಪ್ಲೇಸ್’ ಗ್ರಂಥದಲ್ಲಿ ಅವರು ಮನೆ ಮೊದಲನೆಯ ತಾಣ, ಕೆಲಸದ ಜಾಗ ಎರಡನೆಯದು, ಕೆಫೆ ಮತ್ತು ಕ್ಷೌರದಂಗಡಿಯಂಥ ನೆರೆಹೊರೆಯ ಕೂಡುಜಾಗಗಳು ಮೂರನೆಯವು ಎಂದು ವಿಂಗಡಿಸಿದರು. ಅಂಥ ಜಾಗಗಳು ಅಂತಸ್ತಿನ ಭೇದವನ್ನು ಅಳಿಸುತ್ತವೆ, ಅಲ್ಲಿ ಮಾತೇ ಮುಖ್ಯ ಚಟುವಟಿಕೆ, ದಿನವೂ ಬರುವವರೇ ಅವುಗಳ ಜೀವ ಎಂಬುದು ಅವರ ನಿಲುವು. ಕಡೆಯ ಎರಡು ಮಾತುಗಳು ನಮ್ಮ ಹೋಟೆಲುಗಳಿಗೆ ಚೆನ್ನಾಗಿ ಒಪ್ಪುತ್ತವೆ. ಮೊದಲನೆಯದು ಒಪ್ಪುವುದಿಲ್ಲ, ಅದನ್ನು ಒಪ್ಪಿಸಲು ಹೋದವರು ಇತಿಹಾಸವನ್ನು ಮೊಟಕುಗೊಳಿಸಬೇಕಾಗುತ್ತದೆ.

ಇತಿಹಾಸವನ್ನು ನೋಡಹೊರಟರೆ ಎದುರಾಗುವ ಮೊದಲ ಸಂಗತಿಯೇ ಸೂತ್ರವನ್ನು ಅಲುಗಿಸುತ್ತದೆ. ಬಯಲುಸೀಮೆಯ ಅಥವಾ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ‘ಊರ ಹೋಟೆಲು’ ಎಂದು ನಾವು ಕರೆಯುವುದು ಬಹುತೇಕ ಆ ಊರಿನದಾಗಿರುವುದಿಲ್ಲ. ಮಾಲೀಕರು ಉಡುಪಿ, ಕುಂದಾಪುರದ ಕಡೆಯವರು, ಅಡಿಗೆಯ ಭಟ್ಟರು ಅವರ ನೆಂಟರು, ಬಡಿಸುವ ಹುಡುಗರು ಅವರ ಊರಿನವರು. ಹೆಸರು ಶ್ರೀಕೃಷ್ಣ ಭವನ. ಅದೇ ಹೆಸರು, ಅದೇ ಇಡ್ಲಿ ವಡೆ, ಗೋಡೆಯ ಮೇಲೆ ಅದೇ ಕೃಷ್ಣನ ಪಟ ಮುಂದಿನ ಊರಿನಲ್ಲಿಯೂ ಕಾಣುತ್ತವೆ. ರುಚಿ ಮತ್ತು ಕೆಲಸದ ಕ್ರಮ ಕಂಪನಿಯ ಕೈಪಿಡಿಯ ಬದಲು ನೆಂಟಸ್ತಿಕೆಯ ಮೂಲಕ ಹರಡಿದವು ಎಂಬುದನ್ನು ಬಿಟ್ಟರೆ ಉಡುಪಿ ಹೋಟೆಲು ಒಂದು ಬಗೆಯ ಸರಣಿಯೇ ಸರಿ. ಹಾಸನ ಸೀಮೆಯಿಂದ ಹೊರಟು ರಾಜ್ಯದ ತುಂಬ ಹರಡಿದ ಅಯ್ಯಂಗಾರ್ ಬೇಕರಿಗಳ ವಿಷಯದಲ್ಲಿಯೂ ಇದನ್ನೇ ಹೇಳಬಹುದು: ನೂರಾರು ಮಾಲೀಕರು, ಒಂದೇ ಹೆಸರು. ಸ್ಟಿಗ್ ಟಾಫ್ಟ್ ಮ್ಯಾಡ್ಸನ್ ಮತ್ತು ಜೆಫ್ರಿ ಗಾರ್ಡೆಲ್ಲಾ ಅವರು 2012ರಲ್ಲಿ ಪ್ರಕಟಿಸಿದ, ಉಡುಪಿ ಹೋಟೆಲುಗಳನ್ನು ಕುರಿತ ಪ್ರಬಂಧವು ಈ ವಲಸೆಯ ಉದ್ಯಮಶೀಲತೆಯನ್ನು ಗಮನಿಸಿದೆ. ನಮಗೆ ಮುಖ್ಯವಾದ ಪ್ರಶ್ನೆ ಅದರಾಚೆಯದು. ಹೊರಗಿನಿಂದ ಬಂದವರ ಅಂಗಡಿ ‘ನಮ್ಮೂರ ಹೋಟೆಲು’ ಆದದ್ದು ಹೇಗೆ? ಸ್ಥಳೀಯತೆಯು ಮೂಲದಲ್ಲಿ ಇಲ್ಲವಾದರೆ ಅದು ಎಲ್ಲಿ ಉತ್ಪತ್ತಿಯಾಗುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಟೆಲಿನ ಬೋರ್ಡುಗಳೇ ತಕ್ಕ ಸಾಮಗ್ರಿ. ಹೊರಗಣ ಬೋರ್ಡು ಮೊದಲು. ಬೆಂಗಳೂರಿನ ಲಾಲ್‌ಬಾಗ್ ಪರಿಸರದಲ್ಲಿ 1924ರಲ್ಲಿ ಪರಂಪಳ್ಳಿ ಯಜ್ಞನಾರಾಯಣ ಮಯ್ಯ ಮತ್ತು ಅವರ ಸಹೋದರರು ಆರಂಭಿಸಿದ ಸಂಸ್ಥೆಯ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಮುಂದೆ ಅದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಆಯಿತು. ಅಂದಿನ ಹೋಟೆಲು ಉದ್ಯಮದಲ್ಲಿ ಇಂಥ ಹೆಸರು ಶುಚಿಯ ಭರವಸೆಯೂ ಹೌದು, ಜಾತಿಯ ಭರವಸೆಯೂ ಹೌದು. ಆ ಕಾಲದ ಗಿರಾಕಿಗೆ ಅವೆರಡೂ ಬೇರೆಬೇರೆಯಾಗಿರಲಿಲ್ಲ. ಮನೆಯ ಹೊರಗೆ ಉಣ್ಣುವುದೇ ಮೈಲಿಗೆಯೆಂದು ಭಾವಿಸಿದ್ದ ಸಮಾಜವನ್ನು ಹೋಟೆಲಿಗೆ ತರಲು ಆ ಬೋರ್ಡು ಬೇಕಾಯಿತು. ಬ್ರಾಹ್ಮಣ ಬೇಯಿಸಿದ ಅನ್ನವನ್ನು ಹೆಚ್ಚಿನ ಜಾತಿಗಳು ಒಪ್ಪುತ್ತಿದ್ದುದರಿಂದ ಒಂದೇ ಸೂರಿನಡಿ ಹಲವು ಜಾತಿಗಳ ಜನ ಉಣ್ಣುವುದು ಸಾಧ್ಯವಾಯಿತು. ಆದರೆ ಒಂದೇ ಸೂರು ಎಂದರೆ ಒಂದೇ ಪಂಕ್ತಿಯಲ್ಲ. ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿತ್ತು. ಅಸ್ಪೃಶ್ಯರೆನಿಸಿದವರಿಗೆ ಬಾಗಿಲೇ ಇರಲಿಲ್ಲ. ಸಂವಿಧಾನದ 15(2)ನೆಯ ಅನುಚ್ಛೇದವು ಅಂಗಡಿಗಳ ಜೊತೆಗೆ ಸಾರ್ವಜನಿಕ ಉಪಾಹಾರಗೃಹ ಮತ್ತು ಹೋಟೆಲುಗಳನ್ನು ಹೆಸರಿಸಿ ಅಲ್ಲಿಯ ಪ್ರವೇಶದಲ್ಲಿ ಭೇದವೆಣಿಸಕೂಡದೆಂದು ವಿಧಿಸಿರುವುದು ಸುಮ್ಮನೆ ಅಲ್ಲ. ಅದಾಗಿ ಏಳು ವರ್ಷಗಳ ತರುವಾಯ, 1957ರಲ್ಲಿ, ಮದರಾಸಿನ ತಿರುವಲ್ಲಿಕೇಣಿಯ ಹೋಟೆಲೊಂದರ ಬೋರ್ಡಿನಿಂದ ‘ಬ್ರಾಹ್ಮಣರ’ ಎಂಬ ಪದವನ್ನು ಅಳಿಸಬೇಕೆಂದು ಪೆರಿಯಾರ್ ಚಳವಳಿ ಹೂಡಬೇಕಾಯಿತು. ಕರ್ನಾಟಕದಲ್ಲಿ ಅಂಥ ಬೋರ್ಡು ಚಳವಳಿ ಬೇರುಬಿಡಲಿಲ್ಲ. ಇಲ್ಲಿ ಆ ಪದ ಕ್ರಮೇಣ ರುಚಿಯ ಗುರುತಾಗಿ ಪರಿವರ್ತನೆಗೊಂಡಿತು, ಇಂದಿಗೂ ಕೆಲವು ಜನಪ್ರಿಯ ಹೋಟೆಲುಗಳ ಹೆಸರಿನಲ್ಲಿ ಯಾವ ಮುಜುಗರವೂ ಇಲ್ಲದೆ ಉಳಿದಿದೆ.

ಹಳ್ಳಿಯ ಚಹಾದಂಗಡಿಗೆ ಬೋರ್ಡೂ ಬೇಕಿರಲಿಲ್ಲ. ಅಲ್ಲಿ ಭೇದವನ್ನು ಲೋಟವೇ ಸಾರುತ್ತಿತ್ತು. ದಲಿತರಿಗಾಗಿ ಸೂರಿನಂಚಿಗೆ ಸಿಕ್ಕಿಸಿಟ್ಟ ಬೇರೆ ಲೋಟ, ತೆಂಗಿನ ಚಿಪ್ಪು, ಕುಡಿದ ಮೇಲೆ ಅವರೇ ತೊಳೆದಿಡಬೇಕೆಂಬ ಕಟ್ಟಳೆ, ಇವು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯ ನಂತರವೂ ಮುಂದುವರಿದವು. ದಲಿತ ಸಂಘರ್ಷ ಸಮಿತಿಯ ಹೋರಾಟಗಳಲ್ಲಿ ದೇವಾಲಯ ಪ್ರವೇಶದಷ್ಟೇ ಹೋಟೆಲು ಪ್ರವೇಶವೂ ಮುಖ್ಯವಾಗಿದ್ದುದು ಈ ಕಾರಣದಿಂದ. ಹಳ್ಳಿಯ ಹೋಟೆಲಿನ ಬೆಂಚನ್ನು ಪ್ರಜಾಪ್ರಭುತ್ವದ ಪಾಠಶಾಲೆಯೆಂದು ಬಣ್ಣಿಸುವ ಲೇಖಕರು ಆ ಬೆಂಚಿನ ಹೊರಗೆ ಕುಕ್ಕರಗಾಲಿನಲ್ಲಿ ಕುಳಿತವನ ಕಡೆಗೆ ಒಮ್ಮೆ ತಿರುಗಿ ನೋಡುವುದು ಅವಶ್ಯ.

ಉತ್ತರ ಕರ್ನಾಟಕದ ಖಾನಾವಳಿಗಳು ಈ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸುತ್ತವೆ. ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ ಎಂದು ಹೆಸರಿನಲ್ಲಿಯೇ ಜಾತಿಯನ್ನು ಹೊತ್ತ ಈ ಸಂಸ್ಥೆಗಳನ್ನು ಮೇಲುನೋಟಕ್ಕೆ ಮುಚ್ಚಿದ ಕೂಟಗಳೆಂದು ತಿಳಿಯುವುದು ಸುಲಭ. ಒಳಹೊಕ್ಕರೆ ಬೇರೆಯೇ ಕಾಣುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು ನಡೆಸುವ ಸಾವಜಿ ಖಾನಾವಳಿಯಲ್ಲಿ ಖಾರದ ಸಾರು, ಮಾಂಸ ಉಣ್ಣಲು ಬರುವವರು ಆ ಸಮಾಜದವರಷ್ಟೇ ಅಲ್ಲ, ಮನೆಯಲ್ಲಿ ಮಾಂಸ ಬೇಯಿಸದ ಜಾತಿಗಳವರೂ ಉಂಟು. ಮನೆಯ ಕಟ್ಟಳೆಯನ್ನು ಮನೆಯಲ್ಲಿಯೇ ಬಿಟ್ಟು ಬಂದು ಅವರು ಅಕ್ಕಪಕ್ಕ ಕುಳಿತು ಉಣ್ಣುತ್ತಾರೆ, ಹೊರಗೆ ಹೋಗಿ ಆ ಮಾತನ್ನು ಆಡುವುದಿಲ್ಲ. ಒಬ್ಬರ ಗುಟ್ಟನ್ನು ಒಬ್ಬರು ಕಾಯುವ ಈ ಮೌನದ ಒಪ್ಪಂದವೂ ಒಂದು ಬಗೆಯ ಸಮುದಾಯವೆಂದು ನಾನು ತಿಳಿಯುತ್ತೇನೆ, ಓಲ್ಡನ್‌ಬರ್ಗ್ ಅವರ ಮಾತಿನ ಪ್ರಧಾನತೆಗೆ ಇದು ನೇರ ವಿರುದ್ಧವಾದರೂ. ಹಳೇ ಮೈಸೂರು ಸೀಮೆಯ ಮಿಲಿಟರಿ ಹೋಟೆಲುಗಳ ಮುದ್ದೆ ಊಟದ ಸಾಲಿಗೂ ಈ ಗುಣ ಸ್ವಲ್ಪಮಟ್ಟಿಗೆ ಉಂಟು. ಬೋರ್ಡಿನ ಮೇಲಿನ ಜಾತಿ ಅಡಿಗೆಯ ಜಾತಿಯಾಗಿತ್ತೇ ಹೊರತು ಉಣ್ಣುವವರ ಜಾತಿಯಾಗಿರಲಿಲ್ಲ ಎಂಬುದು ಖಾನಾವಳಿಯನ್ನು ಬ್ರಾಹ್ಮಣ ಹೋಟೆಲಿನಿಂದ ಬೇರ್ಪಡಿಸುವ ಗೆರೆ.

ಇನ್ನು ಒಳಗಣ ಬೋರ್ಡುಗಳು. ‘ರಾಜಕೀಯ ಮಾತನಾಡಬಾರದು’, ‘ಅನಾವಶ್ಯಕವಾಗಿ ಕುಳಿತುಕೊಳ್ಳಬಾರದು’, ‘ತಟ್ಟೆಯಲ್ಲಿ ಕೈ ತೊಳೆಯಬಾರದು’, ‘ಇಂದು ನಗದು ನಾಳೆ ಉದ್ರಿ’. ಇವನ್ನು ಮಾಲೀಕನ ನಿಯಮಗಳೆಂದು ಓದುವುದಕ್ಕಿಂತ ಗಿರಾಕಿಗಳ ನಡವಳಿಕೆಯ ದಾಖಲೆಗಳೆಂದು ಓದುವುದು ಉಚಿತ. ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ರಾಜಕೀಯ ಮಾತನಾಡಬಾರದೆಂಬ ಬೋರ್ಡಿನ ಕೆಳಗೇ ಪತ್ರಿಕೆ ಹರಡಿಕೊಂಡು ರಾಜಕೀಯ ನಡೆಯುತ್ತಿತ್ತು. ಒಂದು ಕಾಫಿಯನ್ನು ಬೈಟು ಮಾಡಿಸಿ ಇಬ್ಬರು ಗಂಟೆಗಟ್ಟಲೆ ಕೂರುತ್ತಿದ್ದರು, ಆದ್ದರಿಂದಲೇ ಅನಾವಶ್ಯಕವಾಗಿ ಕೂರಬಾರದೆಂದು ಬರೆಸಬೇಕಾಯಿತು. ಬೋರ್ಡು ಇತ್ತು, ಆದರೆ ಯಾರನ್ನೂ ಎಬ್ಬಿಸಲಿಲ್ಲ. ಸ್ಥಳೀಯತೆ ಉತ್ಪತ್ತಿಯಾಗುವುದು ನಿಯಮ ಮತ್ತು ರಿಯಾಯಿತಿಗಳ ನಡುವಿನ ಈ ಸಂದಿಯಲ್ಲಿ.

ರಿಯಾಯಿತಿಯ ಪರಮರೂಪ ಉದ್ರಿ. ಗಲ್ಲಾದ ಕೆಳಗಿನ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಹೆಸರಿದ್ದವನು ಆ ಊರಿನವನು. ಸಂಬಳವಾದೊಡನೆ ತೀರಿಸುವ ಮೇಷ್ಟ್ರು, ಮನಿಯಾರ್ಡರು ಬರುವವರೆಗೆ ಬರೆಸುವ ವಿದ್ಯಾರ್ಥಿ, ಸುಗ್ಗಿಯಾದ ಮೇಲೆ ಕೊಡುತ್ತೇನೆನ್ನುವ ರೈತ, ಇವರಲ್ಲಿ ಪ್ರತಿಯೊಬ್ಬನ ಆದಾಯದ ಋತುಮಾನವನ್ನು ಮಾಲೀಕ ಬಲ್ಲ. ಮನೆಯೂಟದಲ್ಲಿ ಅನ್ನದ ಋಣ ಲೆಕ್ಕಕ್ಕೆ ಸಿಗದು, ಅದನ್ನು ತೀರಿಸಲೂ ಆಗದು. ಹೋಟೆಲು ಆ ಋಣವನ್ನು ತೀರಿಸಬಹುದಾದ ಲೆಕ್ಕವಾಗಿ ಮಾರ್ಪಡಿಸಿತು, ಆದರೆ ತೀರಿಸುವ ದಿನವನ್ನು ಮುಂದೂಡುವ ಮೂಲಕ ಸಂಬಂಧದ ಎಳೆಯೊಂದನ್ನು ಉಳಿಸಿತು. ಬಾಕಿ ಇರುವವನು ಮತ್ತೆ ಬರಲೇಬೇಕು. ಧಾರವಾಡದಂಥ ಊರುಗಳಲ್ಲಿ ತಿಂಗಳ ಲೆಕ್ಕದ ಖಾನಾವಳಿಯನ್ನು ನಂಬಿ ಪರವೂರಿನ ಬಡ ಹುಡುಗರು ಕಾಲೇಜು ಓದಿದರು. ಸರಣಿ ಉಪಾಹಾರಗೃಹಕ್ಕೆ ಇದು ಸಾಧ್ಯವಿಲ್ಲ; ಅಲ್ಲಿಯ ಗಲ್ಲಾದಲ್ಲಿ ಇರುವವನಿಗೆ ಒಂದು ರೂಪಾಯಿಯನ್ನು ನಾಳೆಗೆ ಬಿಡುವ ಅಧಿಕಾರವೂ ಇರುವುದಿಲ್ಲ. ಅವನ ಸೌಜನ್ಯದ ಮಾತುಗಳು ಕೂಡ ಮೇಲಿನಿಂದ ಬಂದವು. ಜಾರ್ಜ್ ರಿಟ್ಜರ್ 1993ರಲ್ಲಿ ಸಮಾಜದ ‘ಮೆಕ್‌ಡೊನಾಲ್ಡೀಕರಣ’ ಎಂದು ಹೆಸರಿಸಿದ್ದು ಇದನ್ನೇ: ಕೆಲಸಗಾರನ ವಿವೇಚನೆಯನ್ನು ಕಿತ್ತು ವ್ಯವಸ್ಥೆಗೆ ಒಪ್ಪಿಸುವುದು.

ಆದರೆ ಊರ ಹೋಟೆಲಿನ ಕೆಲಸಗಾರನಿಗೆ ಇದ್ದ ವಿವೇಚನೆಯಾದರೂ ಎಷ್ಟು? ಈ ಪ್ರಶ್ನೆಯನ್ನು ಸ್ಮೃತಿಲೇಖನ ಕೇಳುವುದೇ ಇಲ್ಲ. ಮಾಣಿ ಅದರಲ್ಲಿ ಚುರುಕು ನಾಲಗೆಯ, ನೆನಪಿನ ಶಕ್ತಿಯ ವಿನೋದಪಾತ್ರವಾಗಿ ಬರುತ್ತಾನೆ. ಹತ್ತು ಮೇಜುಗಳ ಬೇಡಿಕೆಯನ್ನು ಒಂದೇ ಉಸಿರಿನಲ್ಲಿ ಒಳಗೆ ಕೂಗಿ ಹೇಳುವವನು. ಅವನ ವಯಸ್ಸು, ಮಲಗುವ ಜಾಗ, ಊರಿಗೆ ಹೋಗುವ ರಜೆ ಬರುವುದಿಲ್ಲ. ಹೋಟೆಲು ಮತ್ತು ಢಾಬಾಗಳಲ್ಲಿ ಮಕ್ಕಳ ದುಡಿಮೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಆ ಮೇಜುಗಳ ಸುತ್ತಣ ಸಮುದಾಯಕ್ಕೆ ನೀರು ತಂದಿಟ್ಟವರು ಬಹುಪಾಲು ಶಾಲೆ ಬಿಟ್ಟ ಹುಡುಗರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಚರಿತ್ರೆಯನ್ನು ಇದರ ಜೊತೆಗಿಟ್ಟು ನೋಡಬೇಕು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿದು, ರಾತ್ರಿ ಪಾಠ ಕೇಳಿ, ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದ ಕರಾವಳಿಯ ಹುಡುಗರಿಗೆ ಹೋಟೆಲು ಮೂರನೆಯ ತಾಣವಾಗಿರಲಿಲ್ಲ. ಮನೆ, ಕೆಲಸದ ಜಾಗ ಎರಡೂ ಅದೇ. ಹೋಟೆಲು ಕಟ್ಟಿದ ಸಮುದಾಯಗಳಲ್ಲಿ ಅತ್ಯಂತ ಗಟ್ಟಿಯಾದುದು ಗಿರಾಕಿಗಳದಲ್ಲ, ಈ ಕೆಲಸಗಾರರದು ಎಂದು ನನಗೆ ಅನ್ನಿಸುತ್ತದೆ. ಅದನ್ನು ಕುರಿತ ಕ್ಷೇತ್ರಾಧ್ಯಯನಕ್ಕೆ ಇಂದಿಗೂ ವಿಪುಲ ಅವಕಾಶವಿದೆ.

ಸ್ಥಳೀಯ ಮತ್ತು ಸರಣಿ ಎಂಬ ಜೋಡಿಯನ್ನೇ ಒಡೆಯುವ ಕೆಲವು ನಿದರ್ಶನಗಳನ್ನು ಇಲ್ಲಿ ಗಮನಿಸಬಹುದು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ಆರಂಭವಾದ ಕೆಫೆ ದರ್ಶಿನಿ ಕುರ್ಚಿಗಳನ್ನು ತೆಗೆದುಹಾಕಿತು. ಟೋಕನ್ ಪಡೆ, ನಿಂತು ತಿನ್ನು, ಹೊರಡು. ಅದು ಅಪ್ಪಟ ಸ್ಥಳೀಯ ಆವಿಷ್ಕಾರ. ಕೂರುವ ಹಕ್ಕನ್ನು ಮೊದಲು ರದ್ದುಪಡಿಸಿದ್ದು ಅದೇ. ಜೊತೆಗೆ ಕೋಣೆಗಳ ವಿಂಗಡಣೆಯನ್ನೂ ಅದು ಅಪ್ರಸ್ತುತಗೊಳಿಸಿತು, ಏಕೆಂದರೆ ನಿಂತವರಿಗೆ ಪಂಕ್ತಿಯಿಲ್ಲ. ಇದಕ್ಕೆ ಪ್ರತಿಯಾಗಿ ಇಂಡಿಯಾ ಕಾಫಿ ಹೌಸ್ ರೂಪದಲ್ಲಿ ಸರಣಿಯೇ ಆಗಿತ್ತು. ಕಾಫಿ ಮಂಡಳಿ ನಡೆಸುತ್ತಿದ್ದ ಈ ಕೇಂದ್ರಗಳನ್ನು ಮುಚ್ಚತೊಡಗಿದಾಗ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರು 1957ರಿಂದ ಸಹಕಾರಿ ಸಂಘಗಳನ್ನು ಕಟ್ಟಿ ಅವನ್ನು ತಾವೇ ವಹಿಸಿಕೊಂಡರು. ಊರೂರಿನಲ್ಲಿ ಅದೇ ಪೇಟ, ಅದೇ ಬಿಳಿ ಸಮವಸ್ತ್ರ. ಆದರೂ ಒಂದು ಕಾಫಿಗೆ ಅರ್ಧ ದಿನ ಕೂರಲು ಬಿಟ್ಟದ್ದರಿಂದ ಅವು ಪತ್ರಕರ್ತರ, ಲೇಖಕರ, ಕಾರ್ಮಿಕ ಮುಖಂಡರ ಸಭೆಗಳಾದವು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಾಗ ಅದರ ಅಭಿಮಾನಿಗಳು ಮರುಗಿದ್ದು ಒಂದು ಸರಣಿಯ ಶಾಖೆಗಾಗಿಯೇ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಕೆಫೆ ಕಾಫಿ ಡೇಯ ಮೂಲವಾದರೋ ಚಿಕ್ಕಮಗಳೂರಿನ ತೋಟಗಳಲ್ಲಿದೆ. ಅದು ಕೂರುವ ಸಮಯವನ್ನೇ ದುಬಾರಿ ಬೆಲೆಗೆ ಮಾರಿತು. ಜೇಮ್ಸ್ ವಾಟ್ಸನ್ 1997ರಲ್ಲಿ ಸಂಪಾದಿಸಿದ ‘ಗೋಲ್ಡನ್ ಆರ್ಚಸ್ ಈಸ್ಟ್’ ಗ್ರಂಥವೂ ಇಂಥದೇ ಸಂಗತಿಯನ್ನು ತೋರಿಸುತ್ತದೆ: ಬೇಗ ತಿಂದು ಹೋಗಲೆಂದು ರೂಪಿಸಿದ ಅಮೆರಿಕನ್ ಅಂಗಡಿಯನ್ನು ಹಾಂಗ್‌ಕಾಂಗಿನ ಶಾಲಾ ಮಕ್ಕಳು ಪಾಠ ಓದುವ, ಹರಟುವ ಜಾಗವಾಗಿ ಮಾರ್ಪಡಿಸಿಕೊಂಡರು.

1995ರಲ್ಲಿ ಅದೇ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಂಟಕಿ ಫ್ರೈಡ್ ಚಿಕನ್ ಅಂಗಡಿಯ ಮೇಲೆ 1996ರ ಜನವರಿಯಲ್ಲಿ ರೈತ ಸಂಘದ ಕಾರ್ಯಕರ್ತರು ದಾಳಿ ನಡೆಸಿದ್ದು ಬಲ್ಲ ಸಂಗತಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಆ ವಿರೋಧದ ಆಧಾರ ಕೃಷಿ, ಆರೋಗ್ಯ ಮತ್ತು ಬಹುರಾಷ್ಟ್ರೀಯ ಬಂಡವಾಳದ ಪ್ರಶ್ನೆಗಳಾಗಿದ್ದವು. ಊರ ಹೋಟೆಲಿನ ಸಾಮರಸ್ಯವನ್ನು ಉಳಿಸುವುದು ಅದರ ಕಾರ್ಯಸೂಚಿಯಾಗಿರಲಿಲ್ಲ. ನಂತರದ ಸಾಂಸ್ಕೃತಿಕ ಬರಹಗಳು ಆ ಹೋರಾಟದ ನೈತಿಕ ಬಲವನ್ನು ಎರವಲು ಪಡೆದು ಬ್ರಾಹ್ಮಣ ಕಾಫಿ ಕ್ಲಬ್ಬಿನ ನೆನಪಿಗೆ ತೊಡಿಸಿದವು. ಈ ಎರವಲನ್ನು ಹಿಂದಿರುಗಿಸುವುದು ಒಳ್ಳೆಯದು.

ಸರಣಿ ಉಪಾಹಾರಗೃಹ ಕೊಟ್ಟದ್ದು ಏನು? ಅದು ಯಾರನ್ನೂ ಗುರುತಿಸುವುದಿಲ್ಲ. ಗುರುತಿಸದಿರುವುದನ್ನು ನಮ್ಮ ಬರಹಗಾರರು ಅದರ ದೋಷವೆಂದು ಎಣಿಸಿದ್ದಾರೆ. ಹೆಸರು ಹೇಳಿದೊಡನೆ ಊರು, ಊರು ಹೇಳಿದೊಡನೆ ಕೇರಿ ಕೇಳಿಸಿಕೊಂಡು ಬೆಳೆದವನಿಗೆ ಗುರುತಿಸದ ಗಲ್ಲಾ ಒಂದು ಬಿಡುಗಡೆ. ಹೆಂಗಸರ ಅನುಭವವೂ ಹೀಗೆಯೇ. ಹಳೆಯ ಹೋಟೆಲು ಅವರನ್ನು ‘ಫ್ಯಾಮಿಲಿ ರೂಂ’ ಎಂಬ ಪರದೆಯ ಹಿಂದೆ, ಗಂಡಸೊಬ್ಬನ ಜೊತೆಗೆ ಮಾತ್ರ ಕಲ್ಪಿಸಿಕೊಂಡಿತ್ತು. ಒಬ್ಬಳೇ ಬಂದು ಪುಸ್ತಕ ತೆರೆದು ಕೂತ ಹೆಣ್ಣು ದಿಟ್ಟಿಗೆ ಬೀಳದೆ ಇರುವುದು ಸರಣಿಯ ಅಂಗಡಿಯಲ್ಲಿ ಹೆಚ್ಚು ಸಾಧ್ಯವಾಯಿತು. ಅದಕ್ಕೆ ತೆರಬೇಕಾದ ಬೆಲೆ ತಟ್ಟೆಯ ಪಕ್ಕದ ಚೀಟಿಯಲ್ಲಿರುತ್ತದೆ. ಜಾತಿ ಕೇಳದ ಬಾಗಿಲು ಕಿಸೆಯನ್ನು ಕೇಳುತ್ತದೆ. ಎರಡನ್ನೂ ಕೇಳದ ಪ್ರಯೋಗವೆಂದು 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನನ್ನು ಹೆಸರಿಸಬಹುದು. ಒಂದೇ ಬಗೆಯ ಕಟ್ಟಡ, ಒಂದೇ ತಿನಿಸಿನ ಪಟ್ಟಿ, ಆರಂಭದಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಅದೂ ಸರಣಿಯೇ, ಆದರೆ ಸರ್ಕಾರದ್ದು. ಅಲ್ಲಿ ಆಟೋ ಚಾಲಕರು, ಪೌರಕಾರ್ಮಿಕರು, ಗಾರೆ ಕೆಲಸದವರು ಒಟ್ಟಿಗೆ ನಿಂತು ಉಣ್ಣುತ್ತಾರೆ. ಈ ನಿಲುವು ಸಂಬಂಧವಾಗಿ ಬೆಳೆಯುತ್ತದೆಯೇ ಎಂಬುದನ್ನು ಆಯಾ ವಾರ್ಡುಗಳಲ್ಲಿ ಕುಳಿತು ನೋಡಿ ಹೇಳಬೇಕು.

ಗುರುತಿಸದ ಅಂಗಡಿ ಎಂಬ ಮಾತಿಗೂ ಈಚೆಗೆ ತಿದ್ದುಪಡಿ ಬೇಕಾಗಿದೆ. ಮೊಬೈಲಿನ ಮೂಲಕ ತರಿಸಿಕೊಳ್ಳುವ ವ್ಯವಸ್ಥೆ ಬಂದ ಮೇಲೆ ಯಾರು, ಯಾವಾಗ, ಏನು ತಿಂದರು ಎಂಬುದು ಕಂಪನಿಗೆ ತಿಳಿದಿರುತ್ತದೆ. ಎದುರಿಗೆ ನಿಂತು ಪೊಟ್ಟಣ ಕೊಡುವವನಿಗೆ ತಿಳಿದಿರುವುದಿಲ್ಲ. ಹಿಂದೆ ಗಲ್ಲಾದವನ ತಲೆಯಲ್ಲಿದ್ದ ನೆನಪಿಗೆ ಗಿರಾಕಿಯೂ ಪ್ರತಿಯಾಗಿ ಅವನ ಮಗಳ ಮದುವೆ, ಅವನ ಊರಿನ ತೇರನ್ನು ನೆನಪಿಟ್ಟುಕೊಳ್ಳುತ್ತಿದ್ದ. ಈಗಿನ ನೆನಪಿಗೆ ಆ ಹಿಂದಿರುಗುವ ದಾರಿಯಿಲ್ಲ. ಸರಣಿಯ ವಿರುದ್ಧದ ನಿಜವಾದ ಆಕ್ಷೇಪ ಇರಬೇಕಾದುದು ಇಲ್ಲಿ ಎಂದು ನನ್ನ ಅಭಿಪ್ರಾಯ. ರುಚಿಯಲ್ಲಿಯೂ ಅಲ್ಲ, ಪರದೇಶಿ ಹೆಸರಿನಲ್ಲಿಯೂ ಅಲ್ಲ.

ಹಳೆಯ ಹೋಟೆಲುಗಳು ಮುಚ್ಚುವಾಗ ಕುರ್ಚಿ, ಪಾತ್ರೆ, ಗಡಿಯಾರಗಳಿಗೆ ಕೊಳ್ಳುವವರು ಸಿಗುತ್ತಾರೆ. ಉದ್ರಿ ಪುಸ್ತಕಗಳು ತೂಕಕ್ಕೆ ಹೋಗುತ್ತವೆ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಸ್ತುಸಂಗ್ರಹಾಲಯಗಳು ಕೊಳಗ, ಕಡೆಗೋಲುಗಳ ಜೊತೆಗೆ ಇವನ್ನೂ ಸಂಗ್ರಹಿಸಬೇಕು. ಒಂದು ಊರಿನಲ್ಲಿ ಯಾರು ಯಾರನ್ನು ಎಷ್ಟರಮಟ್ಟಿಗೆ ನಂಬಿದ್ದರು ಎಂಬುದನ್ನು ರೂಪಾಯಿ ಆಣೆಗಳಲ್ಲಿ ಬರೆದಿಟ್ಟ ದಾಖಲೆ ಬೇರೊಂದಿಲ್ಲ. ಓದುವಾಗ ಹೆಸರುಗಳನ್ನು ಊರಿನ ಮತದಾರರ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡು, ಪುಸ್ತಕದಲ್ಲಿ ಇಲ್ಲದವರ ಪಟ್ಟಿಯನ್ನೂ ತಯಾರಿಸಬೇಕು. ಸೂರಿನಂಚಿನ ಲೋಟದಲ್ಲಿ ಕುಡಿದವರು ಪ್ರತಿಸಲವೂ ಕೈಯಲ್ಲಿ ಕಾಸು ಹಿಡಿದೇ ಬಂದಿದ್ದರು.